ಗುಡುಗುಹಕ್ಕಿಯನ್ನು ಮಾರಿದ ಮೇಲೆ

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ಫೋರ್ಕ್ಸ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಂದ ಲಾ ಪುಶ್ ಎಂಬ ಕಡಲತೀರದ ಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಫಲಕ ಸಿಗುತ್ತದೆ. ಇಲ್ಲಿಂದಾಚೆಗೆ ರಕ್ತಪಿಶಾಚಿಗಳಿಗೆ ಪ್ರವೇಶವಿಲ್ಲ ಎಂದು ಅದರ ಮೇಲೆ ಬರೆದಿದೆ. ಪ್ರವಾಸಿಗರು ಕಾರು ನಿಲ್ಲಿಸಿ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೂ ಮುಂದೆ ಹೋಗಿ ಕಡಲು ಕಾಣಿಸತೊಡಗಿದಲ್ಲಿ ಬೇರೆ ಬಗೆಯ ಫಲಕಗಳು ಶುರುವಾಗುತ್ತವೆ: ನೀಲಿ ಬಣ್ಣ, ಎದ್ದುಬರುವ ಅಲೆ, ಗುಡ್ಡ ಹತ್ತಿ ಓಡುತ್ತಿರುವ ಮನುಷ್ಯನ ಚಿತ್ರ. ಇದು ಸುನಾಮಿ ವಲಯ ಎಂಬ ಎಚ್ಚರಿಕೆ ಅದು. ಇದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರು ಕಡಿಮೆ.

ಲಾ ಪುಶ್ ಕ್ವಿಲಿಯೂಟ್ ಎಂಬ ಮೂಲನಿವಾಸಿಗಳ ಊರು. ಅವರ ಪಾಲಿಗೆ ಉಳಿದಿದ್ದ ಮೀಸಲು ಭೂಮಿ ಹೆಚ್ಚೂಕಡಿಮೆ ಒಂದು ಚದರ ಮೈಲಿ. ಅದರ ಒಂದು ಕಡೆ ನದಿ, ಇನ್ನೊಂದು ಕಡೆ ಶಾಂತ ಸಾಗರ. ತಮ್ಮ ಪೂರ್ವಜರು ತೋಳಗಳಾಗಿದ್ದರು, ಕ್ವಾಟಿ ಎಂಬ ಮಾರ್ಪಡಿಸುವ ದೈವ ಬಂದು ಅವುಗಳನ್ನು ಮನುಷ್ಯರನ್ನಾಗಿಸಿತು ಎಂಬುದು ಅವರ ಕುಲಕಥೆ. 2005ರಲ್ಲಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿ ಬಂತು. ತೋಳದಿಂದ ಮನುಷ್ಯರಾದವರ ಕಥೆ ಅದರಲ್ಲಿ ತಿರುಗುಮುರುಗಾಯಿತು. ಕ್ವಿಲಿಯೂಟ್ ಹುಡುಗರು ಸಿಟ್ಟು ಬಂದರೆ ತೋಳಗಳಾಗುವವರಾದರು. ಪಿಶಾಚಿಗಳ ಜೊತೆ ಗಡಿ ಒಪ್ಪಂದ ಮಾಡಿಕೊಂಡವರಾದರು. ನಾಲ್ಕು ಕಾದಂಬರಿಗಳು, 2008ರಿಂದ 2012ರವರೆಗೆ ಐದು ಸಿನಿಮಾಗಳು, ಚಿತ್ರಮಂದಿರಗಳಿಂದಲೇ 300 ಕೋಟಿ ಡಾಲರಿಗೂ ಹೆಚ್ಚು ಗಳಿಕೆ. ಫೋರ್ಕ್ಸ್‌ಗೆ 2010ರಲ್ಲಿ ಬಂದ ಪ್ರವಾಸಿಗರ ಸಂಖ್ಯೆ 70 ಸಾವಿರ ದಾಟಿತು. ಊರಿನ ಜನಸಂಖ್ಯೆಯೇ ನಾಲ್ಕು ಸಾವಿರದ ಆಸುಪಾಸು.

ಆ ವರ್ಷವೇ ಕಾನೂನು ಪ್ರಾಧ್ಯಾಪಕಿ ಏಂಜೆಲಾ ರೈಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕ್ವಿಲಿಯೂಟ್ ಹೆಸರಿನ ಜಾಕೆಟ್ಟು, ಆಭರಣಗಳು ದೊಡ್ಡ ಮಳಿಗೆಗಳಲ್ಲಿ ಬಿಕರಿಯಾಗುತ್ತಿದ್ದರೂ ಆ ಹೆಸರಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಡತನದಲ್ಲೇ ಇದ್ದಾರೆ ಎಂಬುದು ಅವರ ತಕರಾರು. ಮೂಲನಿವಾಸಿಗಳ ಕಥೆಗಳ ಮಾರಾಟದ ಚರ್ಚೆ ಬಹುತೇಕ ಇಲ್ಲಿಗೇ ನಿಲ್ಲುತ್ತದೆ. ಯಾರಿಗೆ ದುಡ್ಡು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಯಾರ ಗೌರವಕ್ಕೆ ಧಕ್ಕೆಯಾಯಿತು. ಇವು ನ್ಯಾಯದ ಪ್ರಶ್ನೆಗಳು, ಮುಖ್ಯವಾದವೇ. ಆದರೆ ನನ್ನ ಕಳವಳ ಬೇರೆ ಥರದ್ದು. ಈ ಜೀವಿಗಳ ಕಥೆಗಳಲ್ಲಿ ಕೆಲವು ನಿರ್ದಿಷ್ಟ ಜಾಗದ ನಿರ್ದಿಷ್ಟ ಅಪಾಯವನ್ನು ಹೇಳುತ್ತವೆ ಎಂಬುದಕ್ಕೆ ಈಗ ಭೂವಿಜ್ಞಾನದ ಸಾಕ್ಷ್ಯವಿದೆ. ಜೀವಿಯನ್ನು ಜಾಗದಿಂದ ಕಿತ್ತು ಮಾರುವಾಗ ಕಳಚಿಬೀಳುವುದು ಆ ಮಾಹಿತಿ. ಅಂಚೆಚೀಟಿ ಚೆಂದವಾಗಿದೆಯೆಂದು ಬಿಡಿಸಿಟ್ಟುಕೊಂಡು ವಿಳಾಸ ಬರೆದ ಲಕೋಟೆಯನ್ನು ಒಲೆಗೆ ಹಾಕಿದ ಹಾಗೆ.

ಇದೇ ತೀರದ ಇನ್ನೊಂದು ಜೀವಿಯನ್ನು ನೋಡಿ. ಗುಡುಗುಹಕ್ಕಿ, ಅಂದರೆ ಥಂಡರ್‌ಬರ್ಡ್. ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಇಮೇಲ್ ತಂತ್ರಾಂಶ. ಹಳೆಯ ಕಾರುಗಳ ಹುಚ್ಚಿರುವವರಿಗೆ ಫೋರ್ಡ್ ಕಂಪನಿಯ 1955ರ ಮಾದರಿ. ಬೊಂಬೆಯಾಟದ ಟೀವಿ ಧಾರಾವಾಹಿಗೂ, ಲಾಸ್ ವೇಗಸ್‌ನ ಹೋಟೆಲಿಗೂ ಅದೇ ಹೆಸರಿತ್ತು. ಕ್ವಿಲಿಯೂಟ್ ಜನರಿಗೆ ಅದು ತಮ್ಮ ಸೀಮೆಯ ಒಲಿಂಪಸ್ ಪರ್ವತದ ಹಿಮನದಿಯಲ್ಲಿ ಗೂಡು ಕಟ್ಟಿಕೊಂಡಿರುವ ಮಹಾಪಕ್ಷಿ. ಒಮ್ಮೆ ಒಂದು ದುಷ್ಟ ತಿಮಿಂಗಿಲ ಉಳಿದ ತಿಮಿಂಗಿಲಗಳನ್ನೆಲ್ಲ ಕೊಂದು ಜನರಿಗೆ ಮಾಂಸ, ಎಣ್ಣೆ ಸಿಗದಂತೆ ಮಾಡಿತು; ಗುಡುಗುಹಕ್ಕಿ ಕಡಲಿಗೆರಗಿ ಅದನ್ನು ಎತ್ತಿಕೊಂಡು ಹೋಯಿತು; ಕಾಳಗದಲ್ಲಿ ಎಷ್ಟೋ ಸಲ ಅದನ್ನು ನೆಲಕ್ಕೆ ಕೆಡವಿತು; ಆಗ ಭೂಮಿ ನಡುಗಿತು, ಕಡಲು ಉಕ್ಕೇರಿತು. 20ನೇ ಶತಮಾನದ ಮೊದಲ ದಶಕದಲ್ಲಿ ಲಾ ಪುಶ್‌ನಲ್ಲಿದ್ದ ಆಲ್ಬರ್ಟ್ ರೇಗನ್ ಎಂಬ ಅಧಿಕಾರಿ ಈ ಕಥೆಯ ಹಲವು ರೂಪಗಳನ್ನು ಬರೆದಿಟ್ಟ. ಅವನಿಗೆ ಅವು ರಂಜನೀಯ ಪುರಾಣಗಳು, ಅಷ್ಟೆ.

ಅದಕ್ಕೂ ಮೊದಲೇ, 1864ರ ಜನವರಿಯಲ್ಲಿ, ಸ್ವಲ್ಪ ಉತ್ತರಕ್ಕಿರುವ ಮಕಾ ಜನರ ನಡುವೆ ಶಾಲಾ ಮೇಷ್ಟರಾಗಿದ್ದ ಜೇಮ್ಸ್ ಸ್ವಾನ್ ತನ್ನ ದಿನಚರಿಯಲ್ಲಿ ಒಂದು ಸಂಗತಿ ಬರೆದುಕೊಂಡಿದ್ದ. ತೀರಾ ಹಿಂದೇನಲ್ಲದ ಕಾಲದಲ್ಲಿ ನಿಯಾ ಕೊಲ್ಲಿಯ ನೀರು ಪೂರ್ತಿ ಹಿಂದಕ್ಕೆ ಸರಿದು ಮತ್ತೆ ಉಕ್ಕಿ ಬಂತು, ಅನೇಕ ಜನ ಸತ್ತರು, ದೋಣಿಗಳು ಮರದ ಮೇಲೆ ಸಿಕ್ಕಿಕೊಂಡವು ಎಂದು ಮಕಾ ಹಿರಿಯನೊಬ್ಬ ಅವನಿಗೆ ಹೇಳಿದ್ದ. ವ್ಯಾಂಕೂವರ್ ದ್ವೀಪದ ಪಚೀನಾ ಕೊಲ್ಲಿಯಲ್ಲಿ ಹೂ-ಅಯ್-ಅಟ್ ಜನರ ನೆನಪು ಇನ್ನೂ ಸ್ಪಷ್ಟ. ರಾತ್ರಿ ನೆಲ ನಡುಗಿತು, ತಗ್ಗಿನಲ್ಲಿದ್ದ ಊರಿಗೆ ಊರೇ ಕೊಚ್ಚಿಹೋಯಿತು, ದಿಬ್ಬದ ಮೇಲೆ ಮನೆ ಇದ್ದವರು ಉಳಿದರು.

ಭೂವಿಜ್ಞಾನಿಗಳು ಇದನ್ನೆಲ್ಲ ಕೇಳಿಸಿಕೊಳ್ಳಲು ನೂರಿಪ್ಪತ್ತು ವರ್ಷ ತಡಮಾಡಿದರು. 1980ರ ದಶಕದ ಆರಂಭದವರೆಗೂ ಈ ತೀರದಲ್ಲಿ ಮಹಾಭೂಕಂಪ ಆಗುತ್ತದೆಯೇ ಎಂಬುದೇ ಅನುಮಾನದ ವಿಷಯವಾಗಿತ್ತು. ವ್ಯಾಂಕೂವರ್ ದ್ವೀಪದಿಂದ ಉತ್ತರ ಕ್ಯಾಲಿಫೋರ್ನಿಯಾದವರೆಗೆ ಸುಮಾರು ಸಾವಿರ ಕಿಲೊಮೀಟರ್ ಉದ್ದಕ್ಕೆ ಹ್ವಾನ್ ಡಿ ಫೂಕಾ ಎಂಬ ಭೂಫಲಕ ಉತ್ತರ ಅಮೆರಿಕದ ಭೂಫಲಕದ ಅಡಿಗೆ ನುಗ್ಗುತ್ತಿದೆ; ಇದಕ್ಕೆ ಕ್ಯಾಸ್ಕೇಡಿಯಾ ವಲಯ ಎಂದು ಹೆಸರು. ಆದರೆ ದಾಖಲಿತ ಚರಿತ್ರೆಯಲ್ಲಿ ಅಲ್ಲೊಂದು ದೊಡ್ಡ ಕಂಪನವೂ ಆಗಿರಲಿಲ್ಲ. ಆ ತೀರದ ‘ದಾಖಲಿತ ಚರಿತ್ರೆ’ ಎಂದರೆ ಬಿಳಿಯರು ಬಂದ ಮೇಲಿನ ಇನ್ನೂರು ಚಿಲ್ಲರೆ ವರ್ಷ ಮಾತ್ರ. 1985ರಲ್ಲಿ ಹೀಟನ್ ಮತ್ತು ಸ್ನೇವ್ಲಿ ಎಂಬಿಬ್ಬರು ಸ್ವಾನ್‌ನ ದಿನಚರಿಯನ್ನು ಮುಂದಿಟ್ಟು, ಇದು ಸುನಾಮಿಯ ನೆನಪಾಗಿರಬಹುದೇ ಎಂದು ಭೂಕಂಪಶಾಸ್ತ್ರದ ಪತ್ರಿಕೆಯಲ್ಲಿ ಪ್ರಶ್ನೆ ಎತ್ತಿದರು.

ಉತ್ತರ ಕೆಸರಿನಲ್ಲಿತ್ತು. ಬ್ರಯನ್ ಅಟ್‌ವಾಟರ್ ಎಂಬ ಭೂವಿಜ್ಞಾನಿ ವಾಷಿಂಗ್ಟನ್ ತೀರದ ಅಳಿವೆಗಳಲ್ಲಿ ದೋಣಿಯಲ್ಲಿ ಓಡಾಡಿ, ಗುದ್ದಲಿ ಹಿಡಿದು ದಂಡೆಯ ಮಣ್ಣು ಕೆರೆದ. ಮೇಲೆ ಈಗಿನ ಕೆಸರು. ಅದರ ಕೆಳಗೆ ತೆಳ್ಳನೆಯ ಮರಳಿನ ಪದರ. ಅದರ ಕೆಳಗೆ ಒಂದಾನೊಂದು ಕಾಲದಲ್ಲಿ ನೆಲದ ಮೇಲ್ಮೈಯಾಗಿದ್ದ ಕಪ್ಪು ಮಣ್ಣು, ಹುಲ್ಲಿನ ಬುಡಗಳು ಇನ್ನೂ ಬೇರು ಬಿಟ್ಟುಕೊಂಡೇ ಇದ್ದವು. ನೆಲ ಒಮ್ಮೆಲೇ ಒಂದೆರಡು ಮೀಟರ್ ಕುಸಿದಿತ್ತು, ಅದರ ಬೆನ್ನಿಗೇ ಕಡಲು ಮರಳನ್ನು ಹೊತ್ತು ತಂದಿತ್ತು. ಕೊಪಾಲಿಸ್ ನದಿಯ ದಡದಲ್ಲಿ ಉಪ್ಪುನೀರು ಕುಡಿದು ಸತ್ತ ಸೀಡರ್ ಮರಗಳು ಬೂದುಬಣ್ಣದ ಅಸ್ಥಿಪಂಜರಗಳಂತೆ ಇವತ್ತಿಗೂ ನಿಂತಿವೆ. ಅವುಗಳ ಬೇರಿನ ಉಂಗುರಗಳನ್ನು ಎಣಿಸಿದಾಗ ಕೊನೆಯ ಉಂಗುರ 1699ರದ್ದು. ಅತ್ತ ಜಪಾನಿನ ಹಳ್ಳಿಗಳಲ್ಲಿ 1700ರ ಜನವರಿ ಕೊನೆಯಲ್ಲಿ ನೆಲ ನಡುಗದೆಯೇ ಬಂದ ಅಲೆಯೊಂದರ ಲೆಕ್ಕಪತ್ರಗಳಿದ್ದವು. ಕೆಂಜಿ ಸತಾಕೆ ಮತ್ತು ಸಂಗಡಿಗರು ಆ ಅಲೆ ಸಾಗರ ದಾಟಲು ಬೇಕಾದ ಹೊತ್ತನ್ನು ಹಿಂದಕ್ಕೆಣಿಸಿ 1996ರಲ್ಲಿ ಹೇಳಿಯೇಬಿಟ್ಟರು: 1700ರ ಜನವರಿ 26, ರಾತ್ರಿ ಒಂಬತ್ತರ ಸುಮಾರು, ತೀವ್ರತೆ 9ರ ಆಸುಪಾಸು. ಚಳಿಗಾಲದ ರಾತ್ರಿ. ಪಚೀನಾ ಕೊಲ್ಲಿಯವರು ಹೇಳುತ್ತಿದ್ದುದೂ ರಾತ್ರಿಯ ಕಥೆಯನ್ನೇ.

2005ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೂತ್ ಲಡ್ವಿನ್ ಮತ್ತು ಸಂಗಡಿಗರು ಈ ತೀರದುದ್ದಕ್ಕೂ ಸಂಗ್ರಹವಾಗಿದ್ದ ಇಂಥ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರು. ಅಜ್ಜನ ಅಜ್ಜ ಕಂಡಿದ್ದು, ಇಷ್ಟು ತಲೆಮಾರಿನ ಹಿಂದೆ ನಡೆದದ್ದು ಎಂಬಂಥ ಸುಳಿವಿದ್ದ ಕಥೆಗಳಿಂದ ಕಾಲ ಲೆಕ್ಕ ಹಾಕಿದರೆ ಅದು 1700ರ ಸುತ್ತಲೇ ಬಂದು ನಿಂತಿತು.

ಇಲ್ಲಿ ಸ್ವಲ್ಪ ಬ್ರೇಕ್ ಹಾಕಬೇಕು. ಗುಡುಗುಹಕ್ಕಿಯ ಕಥೆಗಳು ಕಡಲನ್ನೇ ಕಾಣದ ಒಳನಾಡಿನ ಬಯಲುಗಳಲ್ಲೂ ಇವೆ. ಅಲ್ಲಿ ಅದು ಬಿರುಗಾಳಿ, ಮಳೆಯ ಹಕ್ಕಿ. ಎಲ್ಲ ಪುರಾಣದಲ್ಲೂ ವಿಜ್ಞಾನ ಅಡಗಿದೆ ಎನ್ನುವವರ ಸಾಲಿಗೆ ಸೇರುವ ಆಸೆ ನನಗಿಲ್ಲ. ಆ ಸಾಲು ನಮ್ಮಲ್ಲಿ ಈಗಾಗಲೇ ಸಾಕಷ್ಟು ಉದ್ದವಿದೆ. ಲಡ್ವಿನ್ ತಂಡ ಕಥೆಯ ಪಾತ್ರವನ್ನಷ್ಟೇ ನೋಡಲಿಲ್ಲ. ಕಥೆ ಹೇಳಿದವರು ಎಲ್ಲಿಯವರು, ಯಾವ ಕೊಲ್ಲಿಯ ಹೆಸರಿದೆ, ನೀರು ಮೊದಲು ಹಿಂದೆ ಸರಿಯಿತೇ, ನೆಲ ಯಾವಾಗ ನಡುಗಿತು ಎಂಬುದನ್ನು ಮಣ್ಣಿನ ಪದರದ ಜೊತೆ ತಾಳೆ ನೋಡಿದರು. ಜಾಗದ ಹೆಸರು ಉದುರಿಹೋದ ಕಥೆಯಿಂದ ಇಂಥ ಯಾವ ಕೆಲಸವೂ ಆಗುವುದಿಲ್ಲ. ಸಿನಿಮಾ, ವಿಡಿಯೊ ಗೇಮ್, ಸ್ಟಿಕ್ಕರ್‌ಗಳಿಗೆ ಮೊಟ್ಟಮೊದಲು ಬೇಡವಾಗುವುದು ಜಾಗದ ಹೆಸರೇ. ಎಲ್ಲೆಲ್ಲೂ ಮಾರಾಟವಾಗಬೇಕಾದದ್ದು ಎಲ್ಲಿಯದೂ ಆಗಿರಬಾರದು.

ಹಾಗೆಂದು ಮಾರುಕಟ್ಟೆಯೊಂದನ್ನೇ ದೂರಿ ಪ್ರಯೋಜನವಿಲ್ಲ. 1889ರಲ್ಲಿ ಲಾ ಪುಶ್‌ನ ಜನ ಕೂಲಿಗೆಂದು ಹೊರಗೆ ಹೋಗಿದ್ದಾಗ ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಬಿಳಿಯನೊಬ್ಬ ಊರಿಗೇ ಬೆಂಕಿಯಿಟ್ಟ. 26 ಮನೆಗಳು ಸುಟ್ಟವು. ಅವುಗಳೊಳಗಿದ್ದ ಮುಖವಾಡ, ಬುಟ್ಟಿ, ಬೇಟೆಯ ಸಲಕರಣೆ, ಕುಣಿತದ ಸಾಮಗ್ರಿ ಎಲ್ಲವೂ ಬೂದಿಯಾದವು. ಸರ್ಕಾರಿ ಶಾಲೆಗಳು ಮಕ್ಕಳ ಬಾಯಿಂದ ಭಾಷೆಯನ್ನು ಬಿಡಿಸಿದವು. ಕ್ವಿಲಿಯೂಟ್ ಭಾಷೆಗೆ ಬದುಕಿರುವ ನೆಂಟ ಭಾಷೆಯೊಂದೂ ಇಲ್ಲ. ಹೀಗೆ ಖಾಲಿ ಮಾಡಿಸಿದ ಜಾಗದಲ್ಲಿ ಟ್ವೈಲೈಟ್ ಬಂದು ಕೂತಿತು.

ಆ ಹಳ್ಳಿಯ ಶಾಲೆ ಕಡಲಿನ ಮಟ್ಟದಲ್ಲೇ, ದಂಡೆಗೆ ತಾಗಿಕೊಂಡಿತ್ತು. ಕ್ಯಾಸ್ಕೇಡಿಯಾ ಸೀಳಿದರೆ ಮೊದಲ ದೊಡ್ಡ ಅಲೆ ಈ ತೀರ ಮುಟ್ಟಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಮಕ್ಕಳಿಗೆ ಗುಡ್ಡ ಹತ್ತುವ ಕವಾಯತು ಮಾಡಿಸುತ್ತಿದ್ದರು. ಸಿನಿಮಾದ ಜನಪ್ರಿಯತೆಯಿಂದ ಆದ ಒಂದು ಉಪಕಾರವೆಂದರೆ ಈ ಪುಟ್ಟ ಸಮುದಾಯದ ಹೆಸರು ವಾಷಿಂಗ್ಟನ್ ಡಿ.ಸಿ.ಯಲ್ಲೂ ಕೇಳಿಬಂದದ್ದು. 2012ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯೊಂದನ್ನು ಮಾಡಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಿಂದ 785 ಎಕರೆಯನ್ನು ಅವರಿಗೆ ಬಿಟ್ಟುಕೊಟ್ಟಿತು. ಗುಡ್ಡದ ಮೇಲೆ ಹೊಸ ಶಾಲೆ ತೆರೆದದ್ದು 2022ರಲ್ಲಿ. ನಡುವೆ ಹತ್ತು ವರ್ಷ.

ಲಾ ಪುಶ್‌ನಲ್ಲಿರುವವರು ನಾನೂರು ಮಂದಿ. ಸಿಯಾಟಲ್ ಮಹಾನಗರದ ಕಥೆ ಬೇರೆ. ಅಲ್ಲಿ ಅಪಾಯದ ಕಥೆ ಯಾರದೋ, ಮಾರುವ ಬೊಂಬೆ ಇನ್ಯಾರದೋ.

1899ರಲ್ಲಿ ಸಿಯಾಟಲ್‌ನ ವರ್ತಕರ ಗುಂಪೊಂದು ಹಡಗಿನಲ್ಲಿ ಅಲಾಸ್ಕಾ ಪ್ರವಾಸಕ್ಕೆ ಹೋಗಿ, ಟ್ಲಿಂಗಿಟ್ ಜನರ ಊರೊಂದರಲ್ಲಿ ಗಂಡಸರು ಮೀನು ಹಿಡಿಯಲು ಹೋಗಿದ್ದ ಸಮಯ ನೋಡಿ ಕುಲಸ್ತಂಭವೊಂದನ್ನು ಕಡಿದು ತಂದಿತು. ಅದನ್ನು ಊರಿನ ನಡುವೆ ಪಯನೀರ್ ಚೌಕದಲ್ಲಿ ನಿಲ್ಲಿಸಿದರು. ಅದು ಸಿಯಾಟಲ್‌ನ ಗುರುತಾಗಿಹೋಯಿತು. ಅಂಥ ಬಿಡಿ ಸ್ತಂಭ ನಿಲ್ಲಿಸುವ ಪದ್ಧತಿಯೇ ಸಿಯಾಟಲ್ ಸೀಮೆಯ ಕೋಸ್ಟ್ ಸೇಲಿಶ್ ಜನರಲ್ಲಿ ಇರಲಿಲ್ಲ. ಊರಿನ ಫುಟ್‌ಬಾಲ್ ತಂಡದ ಲಾಂಛನದ ಹಕ್ಕಿಯೂ ವ್ಯಾಂಕೂವರ್ ದ್ವೀಪದ ಕ್ವಾಕ್ವಾಕಾವಾಕ್ವ್ ಜನರ ಮುಖವಾಡದಿಂದ ಬಂದದ್ದು. ಬಂದರುಕಟ್ಟೆಯ ಸಾಲಿನಲ್ಲಿ ಇವತ್ತು ಪುಟಾಣಿ ಸ್ತಂಭ, ಗುಡುಗುಹಕ್ಕಿಯ ಫ್ರಿಜ್ ಮ್ಯಾಗ್ನೆಟ್, ಕೀಚೈನು ಎಲ್ಲ ಸಿಗುತ್ತವೆ. ಇವುಗಳಲ್ಲಿ ಅಸಲಿ ಯಾವುದು ಎಂದು ಕೇಳಲೇಬೇಡಿ. ಫಿಲಿಪ್ಪೀನ್ಸ್‌ನಲ್ಲಿ ಕೆತ್ತಿಸಿದ ಸ್ತಂಭಗಳನ್ನು ಅಲಾಸ್ಕಾದ ಕೆಚಿಕನ್ ಪೇಟೆಯಲ್ಲಿ ಮೂಲನಿವಾಸಿಗಳದ್ದೆಂದು ಮಾರಿದ ವ್ಯಾಪಾರಿಯೊಬ್ಬನಿಗೆ 2023ರಲ್ಲಿ ಎರಡು ವರ್ಷ ಜೈಲಾಯಿತು.

ಸಿಯಾಟಲ್ ನೆಲದ ಸ್ವಂತ ಜೀವಿ ಅಂಗಡಿಯಲ್ಲಿ ಕಾಣುವುದಿಲ್ಲ. ಅದರ ಹೆಸರು ಅಯಾಹೋಸ್. ಹಾವಿನಂಥ ದೊಡ್ಡ ಮೈ, ಜಿಂಕೆಯಂತೆ ಕೊಂಬು ಮತ್ತು ಮುಂಗಾಲು, ಉರಿಯುವ ಕಣ್ಣು. ಅದು ಇರುವಲ್ಲಿ ನೆಲ ಅದುರುತ್ತದೆ, ಗುಡ್ಡ ಜಾರುತ್ತದೆ. ಅದು ಇಂತಿಂಥ ಕಡೆಯೇ ಇರುತ್ತದೆ ಎಂದು ಹಿರಿಯರು ಹೆಸರಿಟ್ಟು ಹೇಳುತ್ತಿದ್ದರು. ಅದರಲ್ಲೊಂದು ಪಶ್ಚಿಮ ಸಿಯಾಟಲ್‌ನ ಫಾಂಟ್ಲರಾಯ್ ದೋಣಿಕಟ್ಟೆಯ ಬಳಿ ಕಡಲಂಚಿನಲ್ಲಿರುವ ದೊಡ್ಡ ಬಂಡೆ. ಅದನ್ನು ದಿಟ್ಟಿಸಿ ನೋಡಬಾರದು ಎಂಬ ಕಟ್ಟುಪಾಡಿತ್ತು.

1992ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆ ಒಂದೇ ಸಂಚಿಕೆಯಲ್ಲಿ ಐದು ಪ್ರಬಂಧಗಳನ್ನು ಪ್ರಕಟಿಸಿತು. ಸಿಯಾಟಲ್ ನಗರದ ಅಡಿಯಲ್ಲೇ ಪೂರ್ವ ಪಶ್ಚಿಮವಾಗಿ ಹಾದುಹೋಗುವ ಭೂಸೀಳೊಂದು ಸುಮಾರು 1100 ವರ್ಷ ಹಿಂದೆ ಜಗ್ಗಿ, ಎದುರಿನ ಬೇನ್‌ಬ್ರಿಜ್ ದ್ವೀಪದ ಒಂದು ತುದಿಯನ್ನು ಏಕಾಏಕಿ ಏಳು ಮೀಟರ್ ಮೇಲಕ್ಕೆತ್ತಿತ್ತು. ವಾಷಿಂಗ್ಟನ್ ಸರೋವರದ ದಂಡೆಯ ಕಾಡು ನಿಂತ ನಿಲುವಿನಲ್ಲೇ ಜಾರಿ ತಳಕ್ಕೆ ಹೋಗಿತ್ತು. 2023ರಲ್ಲಿ ಮರದ ಉಂಗುರಗಳ ಇನ್ನೊಂದು ಅಧ್ಯಯನ ಆ ಕಾಲವನ್ನು ಕ್ರಿ.ಶ. 923ರ ಕೊನೆ ಮತ್ತು 924ರ ಆರಂಭದ ನಡುವಿನ ಆರು ತಿಂಗಳಿಗೆ ಇಳಿಸಿತು. ಇಷ್ಟರ ನಡುವೆ, 2005ರಲ್ಲಿ, ಲಡ್ವಿನ್ ತಂಡ ಅಲ್ಲಿನ ಮೂಲನಿವಾಸಿಗಳಾದ ಡುವಾಮಿಶ್ ಸಮುದಾಯದವರನ್ನೂ ಸಹಲೇಖಕರಾಗಿ ಸೇರಿಸಿಕೊಂಡು ಅಯಾಹೋಸ್ ಇದೆಯೆಂದು ಹೇಳುತ್ತಿದ್ದ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿತು. ಅವುಗಳಲ್ಲಿ ಹಲವು ಆ ಸೀಳಿನ ಗುಂಟವೇ ಇದ್ದವು, ಹಳೆಯ ಭೂಕುಸಿತಗಳ ಬಳಿಯೇ ಇದ್ದವು. ಹಾವು ಇದೆ ಎಂದ ಎಷ್ಟೋ ಕಡೆ ಸೀಳಿತ್ತು.

ವಾಷಿಂಗ್ಟನ್ ರಾಜ್ಯದ ಭೂವಿಜ್ಞಾನ ಇಲಾಖೆ 2022ರಲ್ಲಿ ಕಂಪ್ಯೂಟರ್ ಲೆಕ್ಕಾಚಾರವೊಂದನ್ನು ಹೊರಗಿಟ್ಟಿತು. ಸಿಯಾಟಲ್ ಸೀಳಿನಲ್ಲಿ 7.5 ತೀವ್ರತೆಯ ಕಂಪನವಾದರೆ ಅಲೆ ಕೆಲವೇ ನಿಮಿಷಗಳಲ್ಲಿ ನಗರ ಮುಟ್ಟುತ್ತದೆ. ಬಂದರುಕಟ್ಟೆಯ ಜೈಂಟ್ ವೀಲ್ ಇರುವಲ್ಲಿ ಅದರ ಎತ್ತರ 42 ಅಡಿಯವರೆಗೆ ಹೋಗಬಹುದು. ಫ್ರಿಜ್ ಮ್ಯಾಗ್ನೆಟ್ ಮಾರುವ ಅಂಗಡಿಸಾಲು ಇರುವುದೂ ಅಲ್ಲೇ. ಇಂಥ ಕಂಪನ ಅಪರೂಪ ಎಂದು ಆ ವರದಿಯೇ ಹೇಳುತ್ತದೆ. ಕ್ಯಾಸ್ಕೇಡಿಯಾದ್ದು ಅಷ್ಟು ಅಪರೂಪವಲ್ಲ. ಸಾಗರತಳದ ಕೆಸರಿನ ಪದರಗಳನ್ನು ಓದಿದ ಕ್ರಿಸ್ ಗೋಲ್ಡ್‌ಫಿಂಗರ್ ತಂಡದ ಪ್ರಕಾರ ಕಳೆದ 10 ಸಾವಿರ ವರ್ಷಗಳಲ್ಲಿ ಅಲ್ಲಿ 41 ದೊಡ್ಡ ಕಂಪನಗಳಾಗಿವೆ. ಮುಂದಿನ 50 ವರ್ಷಗಳೊಳಗೆ ಈ ವಲಯದ ಒಂದು ಭಾಗವಾದರೂ ಸೀಳಿ 7.1ಕ್ಕೂ ಹೆಚ್ಚಿನ ಕಂಪನ ಆಗುವ ಸಂಭವ ಶೇಕಡ 37ರಷ್ಟು. ಇಡೀ ಉದ್ದ ಒಮ್ಮೆಗೇ ಸೀಳುವ ಸಂಭವ ಶೇಕಡ 10ರಿಂದ 15. ರೆಡ್‌ಮಂಡ್, ಬೆಲ್‌ವ್ಯೂ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡದ ಕುಟುಂಬಗಳು ಕಡಿಮೆಯೇನಿಲ್ಲ. ಸಿಯಾಟಲ್ ಸೀಳು ಬೆಲ್‌ವ್ಯೂನ ದಕ್ಷಿಣಕ್ಕೆ, ಹೆದ್ದಾರಿ 90ರ ಜಾಡಿನಲ್ಲೇ ಹೋಗುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಜೈಂಟ್ ವೀಲ್ ತೋರಿಸುವವರು ಅಯಾಹೋಸ್ ಹೆಸರನ್ನೂ ಒಮ್ಮೆ ಹೇಳಿದರೆ ತಪ್ಪೇನಿಲ್ಲ.

ಕಥೆ ಗೊತ್ತಿದ್ದರೆ ಜೀವ ಉಳಿಯುತ್ತದೆಯೇ? ಇದಕ್ಕೆ ಎರಡು ಗಟ್ಟಿ ಸಾಕ್ಷ್ಯಗಳಿವೆ. ಸುಮಾತ್ರಾ ಬಳಿಯ ಸಿಮೆಲೂ ದ್ವೀಪದವರು 1907ರ ಸುನಾಮಿಯ ನೆನಪನ್ನು ‘ಸ್ಮೋಂಗ್’ ಎಂಬ ಹೆಸರಿನಲ್ಲಿ, ಹಾಡು ಲಾಲಿಗಳಲ್ಲಿ ಉಳಿಸಿಕೊಂಡಿದ್ದರು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರವಿದ್ದ ಆ ದ್ವೀಪದ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. ಇನ್ನೊಂದು ಸೊಲೊಮನ್ ದ್ವೀಪಗಳದ್ದು. 2007ರ ಏಪ್ರಿಲ್‌ನಲ್ಲಿ ಅಲ್ಲಿ ಸುನಾಮಿ ಬಂದಾಗ 52 ಮಂದಿ ಸತ್ತರು. ಅವರಲ್ಲಿ ಕಿರಿಬಾಟಿಯಿಂದ ವಲಸೆ ಬಂದು ನೆಲೆಸಿದವರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಿತ್ತು ಎಂಬುದು ಆಮೇಲಿನ ಅಧ್ಯಯನದಲ್ಲಿ ತಿಳಿದುಬಂತು. ಸ್ಥಳೀಯರು ನೆಲ ನಡುಗಿದ ಕೂಡಲೇ ಗುಡ್ಡದ ಕಡೆ ಓಡಿದರೆ, ವಲಸಿಗರ ಮಕ್ಕಳು ಬರಿದಾದ ಕಡಲತಳ ನೋಡಲು ಇಳಿದಿದ್ದರು. ಒಂದೇ ದಂಡೆ, ಒಂದೇ ಅಲೆ. ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಸಿಯಾಟಲ್, ಪೋರ್ಟ್‌ಲ್ಯಾಂಡ್, ವ್ಯಾಂಕೂವರ್‌ಗಳಲ್ಲಿ ಇವತ್ತು ಇರುವವರಲ್ಲಿ ಬಹುಪಾಲು ಜನ ಕಿರಿಬಾಟಿಯವರ ಸ್ಥಿತಿಯಲ್ಲೇ ಇದ್ದಾರೆ. ವ್ಯತ್ಯಾಸವೆಂದರೆ ಇವರ ಅಂಗಿಯ ಮೇಲೆ ಗುಡುಗುಹಕ್ಕಿಯ ಚಿತ್ರವಿದೆ.

ಮಾರಿದ ಮಾತ್ರಕ್ಕೆ ಎಲ್ಲವೂ ಹಾಳಾಗುತ್ತದೆ ಎಂದೇನಿಲ್ಲ. ಜಪಾನಿನಲ್ಲಿ ನೆಲದಡಿ ಒಂದು ದೈತ್ಯ ಬೆಕ್ಕುಮೀನು ಹೊರಳಿದರೆ ಭೂಕಂಪ ಎಂಬ ನಂಬಿಕೆಯಿತ್ತು. 1855ರ ನವೆಂಬರಿನಲ್ಲಿ ಎದೊ ನಗರ, ಅಂದರೆ ಈಗಿನ ಟೋಕಿಯೊ, ಕುಸಿದಾಗ ಮುದ್ರಕರು ದಿನಗಳೊಳಗೆ ಬೆಕ್ಕುಮೀನಿನ ಬಣ್ಣದ ಚಿತ್ರಗಳನ್ನು ಅಚ್ಚುಹಾಕಿ ಬೀದಿಯಲ್ಲಿ ಮಾರಿ ಕಾಸು ಮಾಡಿಕೊಂಡರು. ಶುದ್ಧ ವ್ಯಾಪಾರ, ಅದೂ ಹೆಣಗಳಿನ್ನೂ ಎತ್ತಿರದ ಊರಲ್ಲಿ. ಆದರೂ ಮೀನು ಭೂಕಂಪವನ್ನು ಬಿಟ್ಟುಕೊಡಲಿಲ್ಲ. ಟೋಕಿಯೊದಲ್ಲಿ ದೊಡ್ಡ ಭೂಕಂಪವಾದರೆ ಸಾಮಾನ್ಯ ವಾಹನಗಳಿಗೆ ಮುಚ್ಚಬೇಕಾದ ರಸ್ತೆಗಳ ಫಲಕದ ಮೇಲೆ ಇವತ್ತಿಗೂ ಅದೇ ಬೆಕ್ಕುಮೀನಿದೆ. ಮಾರಿದವರು, ಕೊಂಡವರು, ನಡುಗಿದವರು ಎಲ್ಲ ಒಂದೇ ಊರಿನವರಾಗಿದ್ದರು.

ನ್ಯೂಜಿಲೆಂಡಿನ ಮಾವೊರಿಗಳ ತಾನಿಫಾ ಇನ್ನೊಂದು ಬಗೆ. ಹೊಳೆಮಡುಗಳಲ್ಲಿ ಇರುವ ಕಾವಲುಜೀವಿ ಅದು. 2002ರಲ್ಲಿ ಮೆರೆಮೆರೆ ಬಳಿ ಹೆದ್ದಾರಿ ಕಾಮಗಾರಿಯನ್ನು ತಾನಿಫಾದ ನೆಲೆಗಾಗಿ ಬದಲಿಸಿಕೊಂಡಾಗ ಪತ್ರಿಕೆಗಳು ಗೇಲಿ ಮಾಡಿದವು. 2005ರ ಮೇ 18ರಂದು ಮತಾತಾ ಎಂಬ ಊರಿನ ಮೇಲೆ ಗುಡ್ಡದಿಂದ ಕಲ್ಲು ಮಣ್ಣಿನ ರಾಶಿ ಇಳಿದು 27 ಮನೆಗಳು ನಾಶವಾದವು. ಮಾವೊರಿಗಳ ಸಭಾಮನೆಗಳಿಗೆ ಏನೂ ಆಗಲಿಲ್ಲ. ಅಲ್ಲಿನ ತೊರೆಯ ತಾನಿಫಾ ಹಲ್ಲಿಯ ರೂಪದ್ದು, ತಲೆ ಗುಡ್ಡದಲ್ಲಿ, ಬಾಲ ಬಯಲಿನಲ್ಲಿ, ಬಾಲ ಆಗಾಗ ಅತ್ತಿತ್ತ ಬೀಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ತೊರೆಯ ಪಾತ್ರ ಬಯಲಿನಲ್ಲಿ ಅತ್ತಿತ್ತ ಹೊರಳುವುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು. ಅವರು ಬಾಲಕ್ಕೆ ಜಾಗ ಬಿಟ್ಟು ಕಟ್ಟಿದ್ದರು. ಇಂಥ ಜೀವಿಗಳ ಮಾರಾಟದ ವಿಷಯಕ್ಕೆ ಬಂದರೆ, ನ್ಯೂಜಿಲೆಂಡಿನ 2002ರ ಟ್ರೇಡ್‌ಮಾರ್ಕ್ ಕಾಯಿದೆಯಲ್ಲಿ ಮಾವೊರಿಗಳಿಗೆ ನೋವಾಗುವಂಥ ಗುರುತುಗಳನ್ನು ನಿರಾಕರಿಸಲು, ಅದಕ್ಕಾಗಿ ಮಾವೊರಿ ಸಲಹಾ ಸಮಿತಿಯನ್ನು ಕೇಳಲು ಅವಕಾಶವಿದೆ.

ಬೇರೆ ಕಡೆ ಅಂಥ ರಕ್ಷಣೆ ಅಪರೂಪ. ಕೃತಿಸ್ವಾಮ್ಯ ಕಾನೂನಿಗೆ ಒಬ್ಬ ಕರ್ತೃ ಬೇಕು, ಒಂದು ತಾರೀಖು ಬೇಕು. ಸಾವಿರ ವರ್ಷದ ಕಥೆಗೆ ಎರಡೂ ಇರುವುದಿಲ್ಲ. ಹಾಗಾಗಿ ಅದು ಎಲ್ಲರದ್ದು, ಅದನ್ನು ಬಳಸಿ ಹೊಸದು ಬರೆದವರದ್ದು ಮಾತ್ರ ಸ್ವಂತದ್ದು. ಕೆನಡಾದ ಒಕನಾಗನ್ ಸರೋವರದ ಜಲಚೈತನ್ಯವನ್ನು ಸಿಲ್ಕ್ಸ್ ಜನರು ಇವತ್ತಿಗೂ ನೀರಿನ ಕಾಳಜಿಯ ಜೊತೆಗೇ ಸ್ಮರಿಸುತ್ತಾರೆ. ಬಿಳಿಯರ ಕೈಯಲ್ಲಿ ಅದು ‘ಓಗೊಪೋಗೊ’ ಎಂಬ ಕಾರ್ಟೂನ್ ಹಾವಾಯಿತು. ಹೆಸರು ಬಂದದ್ದು 1920ರ ದಶಕದ ಒಂದು ಇಂಗ್ಲಿಷ್ ತಮಾಷೆ ಹಾಡಿನಿಂದ. 1956ರಿಂದ ಆ ಹೆಸರಿನ ಹಕ್ಕು ವರ್ನನ್ ಎಂಬ ಊರಿನ ಪುರಸಭೆಯ ಕೈಯಲ್ಲಿತ್ತು. 2021ರಲ್ಲಿ ಪುರಸಭೆ ಅದನ್ನು ಒಂದು ಡಾಲರಿಗೆ ಒಕನಾಗನ್ ಬುಡಕಟ್ಟುಗಳ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಒಳ್ಳೆಯದೇ ಆಯಿತು, ಆದರೆ ಅದು ಊರಿನ ಔದಾರ್ಯ, ಕಾನೂನಿನ ಒತ್ತಾಯವಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇಂಥ ವಿಷಯಗಳಿಗಾಗಿ 2000ನೇ ಇಸವಿಯಲ್ಲಿ ಸಮಿತಿ ರಚಿಸಿತು. 24 ವರ್ಷದ ಮಾತುಕತೆಯ ಮೇಲೆ, 2024ರ ಮೇ ತಿಂಗಳಲ್ಲಿ ಒಪ್ಪಂದವೊಂದು ಹೊರಬಂತು. ಅದು ಗಿಡಮೂಲಿಕೆಯಂಥ ಜೈವಿಕ ಸಂಪನ್ಮೂಲಗಳ ಪೇಟೆಂಟಿಗೆ ಸಂಬಂಧಿಸಿದ್ದು. ಕಥೆ, ಕುಣಿತ, ಮುಖವಾಡಗಳ ಸರದಿ ಇನ್ನೂ ಬಂದಿಲ್ಲ.

ಈ ನಡುವೆ ಹೊಸ ಹೊರೆಯೊಂದು ಬಂದಿದೆ. ಚಿತ್ರ, ಕಥೆಗಳನ್ನು ಕ್ಷಣದಲ್ಲಿ ಹೊಸೆದುಕೊಡುವ ತಂತ್ರಾಂಶಗಳು ಅಂತರಜಾಲದಲ್ಲಿ ಹೇರಳವಾಗಿ ಇರುವುದರಿಂದಲೇ ಕಲಿಯುತ್ತವೆ. ಗುಡುಗುಹಕ್ಕಿಯ ವಿಷಯದಲ್ಲಿ ಹೇರಳವಾಗಿರುವುದು ಕಾರು, ಇಮೇಲ್, ಗೇಮ್‌ನ ರಾಕ್ಷಸ ಪಕ್ಷಿ. ಪಚೀನಾ ಕೊಲ್ಲಿಯ ರಾತ್ರಿ ಇರುವುದು ಕೆಲವು ಸಂಶೋಧನಾ ಪ್ರಬಂಧಗಳಲ್ಲಿ ಮತ್ತು ಕೆಲವು ಮನೆಗಳಲ್ಲಿ. ಯಂತ್ರ ಹೊಸೆದದ್ದು ಮತ್ತೆ ಅಂತರಜಾಲಕ್ಕೇ ಹೋಗಿ ರಾಶಿಯನ್ನು ಇನ್ನೂ ದಪ್ಪಗೆ ಮಾಡುತ್ತದೆ. ಹುಡುಕುವ ಮಗುವಿಗೆ ಮೊದಲು ಸಿಗುವುದು ಯಾವುದು ಎಂದು ಊಹಿಸಲು ವಿಶೇಷ ಜಾಣ್ಮೆ ಬೇಕಿಲ್ಲ.

ನಮ್ಮ ಕರಾವಳಿಯ ಪಂಜುರ್ಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆಳೆ ಹಾಳು ಮಾಡುವ ಹಂದಿಯೇ ಬೆಳೆ ಕಾಯುವ ದೈವವಾದ ಕಥೆ ಅದು. 2022ರ ‘ಕಾಂತಾರ’ದ ಮೇಲೆ ಪಂಜುರ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅಂಗಿಯ ಮೇಲೆ, ಕಾರಿನ ಹಿಂಬದಿಯ ಗಾಜಿನ ಮೇಲೆ, ಶಾಲಾ ವಾರ್ಷಿಕೋತ್ಸವದ ವೇಷದಲ್ಲಿ ಬಂತು. ತುಳುನಾಡಿನಲ್ಲಿ ಅದಕ್ಕೆ ಆಕ್ಷೇಪವೂ ಎದ್ದಿತು. ಆ ಆಕ್ಷೇಪ ನಂಬಿಕೆಯ ಮರ್ಯಾದೆಯ ಬಗ್ಗೆ. ನನ್ನ ಪ್ರಶ್ನೆ ಅದಕ್ಕಿಂತ ಒಣಕಲು. ದೈವ ಯಾವ ಗುಡ್ಡದಿಂದ ಇಳಿಯಿತು, ಯಾವ ತೋಡು ದಾಟಿತು, ಎಲ್ಲಿ ನೆಲೆಯಾಯಿತು ಎಂದು ದೈವಗಳ ಹಾಡುಕಥೆಗಳಾದ ಪಾಡ್ದನಗಳು ಊರೂರಿನ ಹೆಸರು ಹಿಡಿದು ಹೇಳುತ್ತವೆ. ನಾಗಬನಗಳು ಇಂಥ ಜಾಗದಲ್ಲೇ ಇರಬೇಕು, ಅಲ್ಲಿನ ಮರ ಕಡಿಯಬಾರದು ಎಂಬ ಕಟ್ಟುಪಾಡಿತ್ತು. ಈಗ ಎಷ್ಟೋ ಕಡೆ ಮರ ತೆಗೆದು ಸಿಮೆಂಟು ಕಟ್ಟೆ, ಗ್ರಾನೈಟು ಹಾಸು ಬಂದಿದೆ. ಇವುಗಳಲ್ಲಿ ಅಯಾಹೋಸ್‌ನಂಥ ಮಾಹಿತಿ ಇದ್ದೇ ಇದೆ ಎಂದು ನಾನು ಹೇಳಲಾರೆ. ತಾಳೆ ನೋಡದೆ ಯಾರೂ ಹೇಳಲಾರರು, ಇಲ್ಲ ಎಂದೂ ಹೇಳಲಾರರು.

ತಾಳೆ ನೋಡಲು ಬೇಕಾದ ಒಂದು ಕಡೆಯ ಸರಕು ಸಿದ್ಧವಿದೆ: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಪಶ್ಚಿಮ ಘಟ್ಟವನ್ನೂ ಸೇರಿಸಿ ಭೂಕುಸಿತ ಸಂಭವದ ನಕ್ಷೆಗಳನ್ನು ಮಾಡಿದೆ. ಇನ್ನೊಂದು ಕಡೆಯದ್ದು ಹಾಡುವವರ ನೆನಪಿನಲ್ಲಿದೆ. 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2 ಸಾವಿರ ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮಾಸಾಶನದ ಪಟ್ಟಿಯಲ್ಲಿ ಹೆಸರು, ಊರು ಹೇಗೂ ಇರುತ್ತದೆ. ಮಂಗಳೂರು, ಉಡುಪಿ ಕಡೆಯ ಒಂದು ಭೂವಿಜ್ಞಾನ ವಿಭಾಗವೂ ಒಂದು ಜಾನಪದ ವಿಭಾಗವೂ ಸೇರಿ, ಅವರ ಒಪ್ಪಿಗೆ ಪಡೆದು, ಅವರನ್ನು ಸಹಲೇಖಕರನ್ನಾಗಿ ಇಟ್ಟುಕೊಂಡು, ಪಾಡ್ದನದ ಒಂದೊಂದು ಸ್ಥಳನಾಮವನ್ನೂ ಆ ನಕ್ಷೆಯ ಮೇಲೆ ಗುರುತಿಸಲು ಎರಡು ವರ್ಷ, ನಾಲ್ಕು ವಿದ್ಯಾರ್ಥಿಗಳು ಸಾಕು. ಗುಡ್ಡ ಕಡಿದು ರಸ್ತೆ ಅಗಲ ಮಾಡುವ ಗುತ್ತಿಗೆ ಕೊಡುವ ಮುನ್ನ ಎಂಜಿನಿಯರ್ ಆ ನಕ್ಷೆಯನ್ನೊಮ್ಮೆ ಬಿಚ್ಚಿ ನೋಡಬಹುದು.